ಒಳಗೂ ಹೊರಗೂ ಒಂದೇ ತಂತಿ

ದಾವಣಗೆರೆಯಲ್ಲಿ ನಮ್ಮಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದು ಸುಟ್ಟುಹೋದ ಪಂಪ್‌ಸೆಟ್ಟುಗಳು ಟ್ರ್ಯಾಕ್ಟರ್ ಏರಿ ಬರುತ್ತಿದ್ದವು. ಹಾಗಾಗಿ ತಾಮ್ರದ ತಂತಿಯಲ್ಲಿ ಕಲೆ ಮಾಡಬಹುದು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ಅದು ಕೆಜಿ ಲೆಕ್ಕದಲ್ಲಿ ತೂಗಿ ತರುವ ಸಾಮಾನು. ಮೋಟರಿನ ಒಳಸುತ್ತಿನ ಸೀಳುಗಳಿಗೆ, ಅಂದರೆ ಸ್ಟೇಟರ್ ಸ್ಲಾಟಿಗೆ ತುರುಕಿ, ಮೇಲೆ ಬಿದಿರು ಪಟ್ಟಿ ಹೊಡೆದು, ವಾರ್ನಿಷ್ ಸುರಿದರೆ ಮುಗಿಯಿತು. ಕೆಲಸ ಸರಿಯಾಗಿ ಆಗಿದ್ದರೆ ಆ ತಂತಿಯ ಮುಖ ವರ್ಷಗಟ್ಟಲೆ ಯಾರೂ ನೋಡುವುದಿಲ್ಲ. ಕಂಡಿತು ಅಂದರೆ ಮೋಟರ್ ಮತ್ತೆ ಸುಟ್ಟಿದೆ ಅಂತಲೇ ಅರ್ಥ.

ಈಗ ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಮೊನ್ನೆ ಒಂದು ಶನಿವಾರ ಮಗಳು ಹಟ ಹಿಡಿದಳು. ಶಾಲೆಯಲ್ಲಿ ರೂತ್ ಅಸಾವಾ ಅನ್ನುವ ಕಲಾವಿದೆಯ ಬಗ್ಗೆ ಹೇಳಿದ್ದಾರಂತೆ, ಅವರ ತಂತಿಯ ಶಿಲ್ಪಗಳನ್ನು ನೋಡಲೇಬೇಕಂತೆ. 2025ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲಿ ಅಸಾವಾ ಅವರ ದೊಡ್ಡ ಪ್ರದರ್ಶನ ಆಗಿತ್ತು. ಆಗ ಜನ ಜಾಸ್ತಿ ಅಂತ ನಾನು ತಲೆ ಹಾಕಿರಲಿಲ್ಲ. ಈ ಸಲ ನೆಪ ಸಿಗಲಿಲ್ಲ. ಟ್ರೈನ್ ಹತ್ತಿದೆವು.

ಮೊದಲು ಹೋಗಿದ್ದು ಯೂನಿಯನ್ ಸ್ಕ್ವೇರ್ ಹತ್ತಿರ ಅಸಾವಾ ಅವರು ಮಾಡಿದ ಕಾರಂಜಿಗೆ. ಸ್ಟಾಕ್ಟನ್ ರಸ್ತೆಯ ಮೆಟ್ಟಿಲುಗಳ ಮೇಲೆ ದುಂಡಗೆ ಕೂತಿರುವ ಕಂಚಿನ ಕಾರಂಜಿ ಇದು. 1973ರದ್ದು. ಮೈತುಂಬ ಊರೇ ಇದೆ. ಸೇತುವೆ, ಟ್ರಾಮು, ಮನೆ, ಮನುಷ್ಯರು, ನಾಯಿ. ಇದನ್ನು ಅಮೂರ್ತ ಕಲೆ ಅನ್ನಲು ಬರುವುದಿಲ್ಲ, ಎಲ್ಲವೂ ಗುರುತು ಸಿಗುತ್ತದೆ. ನನ್ನ ಆಸಕ್ತಿ ಇದ್ದದ್ದು ಇದನ್ನು ಮಾಡಿದ ರೀತಿಯಲ್ಲಿ. ಈ ಗೊಂಬೆಗಳು ಮೊದಲು ಹಿಟ್ಟಿನವು. ನಾಲ್ಕು ಕಪ್ ಮೈದಾ, ಒಂದು ಕಪ್ ಉಪ್ಪು, ಒಂದೂವರೆ ಕಪ್ ನೀರು, ಅಷ್ಟೇ ಪಾಕ. ಮಕ್ಕಳಿಂದ ಮುದುಕರ ತನಕ ಇನ್ನೂರಕ್ಕೂ ಹೆಚ್ಚು ಜನ ಕೂತು ತಟ್ಟಿದ ಹಿಟ್ಟನ್ನು ಹಾಗೇ ಕಂಚಿಗೆ ಎರಕ ಹೊಯ್ಸಿದ್ದಾರೆ. ಸೊಟ್ಟ ಕಿಟಕಿಯನ್ನು ಯಾರೂ ನೆಟ್ಟಗೆ ಮಾಡಿಲ್ಲ. ಕಂಚಿನ ಎರಕಕ್ಕೆ ಬೀಳುವ ಖರ್ಚು ನೆನೆದರೆ, ಮಕ್ಕಳ ಕೈಗೆ ಇಷ್ಟು ಬೆಲೆ ಕೊಟ್ಟ ಧೈರ್ಯ ದೊಡ್ಡದು.

ಮಗಳು ಒಂದೊಂದೇ ಗೊಂಬೆ ಮುಟ್ಟುತ್ತಾ ಸುತ್ತು ಹಾಕಿದಳು. ಇದನ್ನು ಮುಟ್ಟಬಹುದು, ಯಾರೂ ಗದರುವುದಿಲ್ಲ.

ಅಲ್ಲಿಂದ ಮಾರ್ಕೆಟ್ ಸ್ಟ್ರೀಟಿಗೆ ನಡೆದು, 5ನೇ ನಂಬರ್ ಬಸ್ ಹಿಡಿದು ಗೋಲ್ಡನ್ ಗೇಟ್ ಪಾರ್ಕಿನ ಡಿ ಯಂಗ್ ಮ್ಯೂಸಿಯಮ್ಮಿಗೆ ಬಂದೆವು. ಇದರ ಗೋಪುರದ ತಳದಲ್ಲಿ ಅಸಾವಾ ಅವರೇ ಕೊಟ್ಟ 15 ತಂತಿಯ ಶಿಲ್ಪಗಳು ಖಾಯಂ ಆಗಿ ತೂಗುತ್ತವೆ. ಅಷ್ಟು ಭಾಗಕ್ಕೆ ಟಿಕೆಟ್ ಬೇಕಿಲ್ಲ. ಒಳಗೆ ಹೋಗುವಾಗ ನನಗೆ ಇದ್ದದ್ದು ಮಗಳನ್ನು ಕರೆತಂದ ತಂದೆಯ ಹುಮ್ಮಸ್ಸು ಮಾತ್ರ. ಹೋದ ಮೇಲೆ ಕತ್ತು ನೋಯುವಷ್ಟು ಹೊತ್ತು ನಿಂತವನು ನಾನೇ.

ಸೂರಿನಿಂದ ಉದ್ದಕ್ಕೆ ಇಳಿಬಿದ್ದ ಆಕಾರಗಳು. ಒಂದರ ಕೆಳಗೊಂದು ಸೋರೆಕಾಯಿ ಪೋಣಿಸಿದ ಹಾಗೆ ಉಬ್ಬುತ್ತವೆ, ಸೊಂಟ ಸಣ್ಣಗಾಗುತ್ತದೆ, ಮತ್ತೆ ಉಬ್ಬುತ್ತವೆ. ಪೂರ್ತಿ ತಂತಿಯ ಜಾಲ. ಜಾಲದೊಳಗೆ ಇನ್ನೊಂದು ಗೋಳ, ಅದರೊಳಗೆ ಮತ್ತೊಂದು. ಕಾಂಕ್ರೀಟ್ ಗೋಡೆಯ ಮೇಲೆ ಅವುಗಳ ನೆರಳು ಒಂದರ ಮೇಲೊಂದು ಬಿದ್ದು, ಶಿಲ್ಪಕ್ಕಿಂತ ನೆರಳೇ ದಟ್ಟವಾಗಿ ಕಾಣುತ್ತಿತ್ತು.

"ಅಪ್ಪಾ, ಒಳಗಿನ ಬಾಲನ್ನ ಹೇಗೆ ಹಾಕಿದ್ರು? ಕಟ್ ಮಾಡಿ ಹಾಕಿದ್ರಾ?"

ನಾನೂ ಅದನ್ನೇ ಹುಡುಕುತ್ತಿದ್ದೆ. ಬೆಸುಗೆ ಎಲ್ಲಿದೆ, ಜಾಯಿಂಟ್ ಎಲ್ಲಿದೆ ಅಂತ. ವೈಂಡಿಂಗ್ ಅಂಗಡಿಯಲ್ಲಿ ಬೆಳೆದವನ ಕಣ್ಣು ಮೊದಲು ಹೋಗುವುದೇ ಜಾಯಿಂಟಿಗೆ. ಕಣ್ಣಲ್ಲೇ ಹೊರಮೈಯ ಗುಂಟ ಕೆಳಗಿಳಿದೆ. ಕತ್ತು ಸಣ್ಣಗಾಗುವ ಜಾಗದಲ್ಲಿ ಹೆಣಿಗೆ ನಿಲ್ಲುವುದಿಲ್ಲ. ಅದೇ ಹೆಣಿಗೆ ಕತ್ತಿನೊಳಗೆ ನುಗ್ಗಿ, ಅಲ್ಲಿ ಅಗಲವಾಗುತ್ತಾ ಒಳಗಿನ ಗೋಳವಾಗುತ್ತದೆ. ಹೊರಗೆ ಇದ್ದದ್ದೇ ಒಳಗೆ ಹೋಗಿದೆ. ಗೋಳವನ್ನು ಒಳಗೆ ಹಾಕಿದ್ದಲ್ಲ, ಅಲ್ಲೇ ಬೆಳೆಸಿದ್ದು. ಮಗಳಿಗೆ ಬೆರಳಲ್ಲಿ ತೋರಿಸಿದೆ. ಅವಳಿಗೆ ನನಗಿಂತ ಬೇಗ ಗೊತ್ತಾಯಿತು, "ಸಾಕ್ಸ್ ಉಲ್ಟಾ ಮಾಡಿದಂಗೆ" ಅಂದಳು. ಸರಿಯೇ.

ಪಕ್ಕದಲ್ಲಿ ನಿಂತವರೆಲ್ಲ ಒಂದೇ ಮಾತು ಆಡುತ್ತಿದ್ದರು. ಅಬ್ಬಾ, ಎಷ್ಟು ತಾಳ್ಮೆ ಬೇಕು! ಕೈಕೆಲಸ ಕಂಡ ಕೂಡಲೇ ಜನ ಈ ತಾಳ್ಮೆಯನ್ನು ಯಾಕೆ ಎಳೆದು ತರುತ್ತಾರೋ. ನಮ್ಮಪ್ಪ ದಿನವಿಡೀ ಕಾಯಿಲ್ ಸುತ್ತುತ್ತಿದ್ದವರು. ಅವರಷ್ಟು ತಾಳ್ಮೆ ಇಲ್ಲದ ಮನುಷ್ಯನನ್ನು ನಾನು ನೋಡಿಲ್ಲ. ಚಹಾ ಎರಡು ನಿಮಿಷ ತಡವಾದರೆ ಅಂಗಡಿ ಹುಡುಗನಿಗೆ ಬೈಗುಳದ ಅಭಿಷೇಕ. ಕೈಗೆ ಒಂದು ಲಯ ಸಿಕ್ಕಿದ ಮೇಲೆ ಅಲ್ಲಿ ತಾಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ನಿಲ್ಲಿಸುವುದೇ ಕಷ್ಟ. ಮುಂದಿನ ಸುತ್ತು ಹೇಗೆ ಬರುತ್ತದೋ ನೋಡೋಣ ಅನ್ನುವ ಕುತೂಹಲ ಎಳೆಯುತ್ತದೆ. ಅಸಾವಾ ಅವರ ಕೆಲಸದಲ್ಲಿ ನನಗೆ ಕಂಡದ್ದು ಅದೇ. ಒಂದೇ ಒಂದು ನಿಯಮ, ಹಿಂದಿನ ಕುಣಿಕೆಯೊಳಗೆ ಮುಂದಿನ ಕುಣಿಕೆ. ಆಮೇಲೆ ಅದು ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ. ಮಕ್ಕಳ ಆಟವೂ ಹೀಗೇ ಅಲ್ವಾ, ಒಂದು ನಿಯಮ ಸಾಕು.

ಈ ಕುಣಿಕೆ ಅವರು ಕಂಡುಹಿಡಿದದ್ದೇನೂ ಅಲ್ಲ. 1947ರಲ್ಲಿ ಮೆಕ್ಸಿಕೋದ ತೊಲೂಕಾಗೆ ಹೋದಾಗ ಅಲ್ಲಿನವರು ಮೊಟ್ಟೆ ಇಡುವ ತಂತಿ ಬುಟ್ಟಿ ಹೆಣೆಯುವುದನ್ನು ನೋಡಿ ಕಲಿತದ್ದು. ಬುಟ್ಟಿ ಹೆಣೆಯುವವರಿಗೆ ಬಾಯಿ ಬಂದಲ್ಲಿ ಕೆಲಸ ಮುಗಿಯಿತು. ಅಸಾವಾ ಬುಟ್ಟಿಯ ಬಾಯನ್ನೇ ಮುಚ್ಚಿ ಮುಂದಕ್ಕೆ ಹೆಣೆದರು. ಆಗವರು ನಾರ್ತ್ ಕೆರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜಿನ ವಿದ್ಯಾರ್ಥಿನಿ. ಗುರು ಜೋಸೆಫ್ ಆಲ್ಬರ್ಸ್, ಜರ್ಮನಿಯ ಬೌಹೌಸ್ ಅನ್ನುವ ಕಲಾಶಾಲೆಯಿಂದ ಬಂದವರು. ಕಾಗದ, ಎಲೆ, ಕೈಗೆ ಸಿಕ್ಕಿದ್ದು ಕೊಟ್ಟು, ಇದರಿಂದ ಏನೇನು ಮಾಡಿಸಬಹುದು ನೋಡಿ ಅನ್ನುವಂಥ ಪಾಠ. ಕಾಲೇಜಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಾಗ ಬಟ್ಟೆಗೆ ಒತ್ತುವ ಮುದ್ರೆ ಇತ್ತಲ್ಲ, ಅದನ್ನೇ ಕಾಗದದ ಮೇಲೆ ಒತ್ತಿ ಒತ್ತಿ ಅಲೆಯಂಥ ಚಿತ್ರ ಮಾಡಿದ್ದಾರೆ. ನನಗೆ ತಂತಿಯಷ್ಟೇ ಇಷ್ಟವಾದ ಕೆಲಸ ಅದು.

ಹೀಗೆ ಬರೆದರೆ ಅವರದ್ದು ಸುಖದ ಬದುಕು ಅನ್ನಿಸಬಹುದು. ಹಾಗಿರಲಿಲ್ಲ. 1926ರಲ್ಲಿ ಕ್ಯಾಲಿಫೋರ್ನಿಯಾದ ನಾರ್ವಾಕಿನಲ್ಲಿ, ಜಪಾನಿನಿಂದ ಬಂದು ತರಕಾರಿ ಬೆಳೆಯುತ್ತಿದ್ದವರ ಮನೆಯಲ್ಲಿ ಹುಟ್ಟಿದವರು. 1942ರಲ್ಲಿ, ಯುದ್ಧದ ಸಮಯದಲ್ಲಿ, ಜಪಾನಿ ಮೂಲದವರು ಅನ್ನುವ ಒಂದೇ ಕಾರಣಕ್ಕೆ ಸರ್ಕಾರ ಇವರನ್ನು ಸಾಂಟಾ ಅನಿಟಾ ರೇಸ್‌ಕೋರ್ಸಿನ ಕುದುರೆ ಲಾಯದಲ್ಲಿ ಕೂಡಿಹಾಕಿತು. ಆಮೇಲೆ ಅರ್ಕಾನ್ಸಾದ ಶಿಬಿರ. ಅದೇ ಲಾಯದಲ್ಲಿ, ಡಿಸ್ನಿ ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತಿದ್ದ ಜಪಾನಿ ಮೂಲದವರೂ ಬಂಧಿಗಳಾಗಿದ್ದರು. ಅವರಿಂದ ಈ ಹುಡುಗಿ ಚಿತ್ರ ಕಲಿತಳು. ಟೀಚರ್ ಆಗಲು ಓದಿದರು. ಆದರೆ ಜಪಾನಿ ಮೂಲ ಅಂತ ಪಾಠ ಮಾಡುವ ತರಬೇತಿಗೇ ಅವಕಾಶ ಸಿಗಲಿಲ್ಲ. ಆ ಉಬ್ಬು-ಸೊಂಟದ ಆಕಾರ ಎಲ್ಲಿಂದ ಬಂತು ಅಂತ ಅವರೇ ಹೇಳಿದ್ದಾರೆ. ಚಿಕ್ಕವಳಿದ್ದಾಗ ಹೊಲ ಮಟ್ಟ ಮಾಡುವ ಕುದುರೆ ಗಾಡಿಯ ಹಿಂದೆ ಕೂತು ಕಾಲು ಇಳಿಬಿಟ್ಟರೆ ಮಣ್ಣಲ್ಲಿ ಗೆರೆ ಬೀಳುತ್ತಿತ್ತಂತೆ, ಒಳಗೆ, ಹೊರಗೆ, ಒಳಗೆ, ಹೊರಗೆ. ನಮ್ಮ ಕಡೆ ಹಲುವೆ ಮೇಲೆ ಕೂತು ಹೊಲ ಸುತ್ತಿದ ಯಾರಿಗಾದರೂ ಇದು ಗೊತ್ತಾಗುತ್ತದೆ.

ಅವರಿಗೆ ಆರು ಮಕ್ಕಳು. ಮನೆಯಲ್ಲೇ, ಮಕ್ಕಳ ನಡುವೆಯೇ ಹೆಣೆಯುತ್ತಿದ್ದರು. ಇಷ್ಟು ಸಾಕಾಗಿತ್ತು, ಐವತ್ತರ ದಶಕದ ಕೆಲವರು ಇದನ್ನು ಹೆಂಗಸರ ಕಸೂತಿಯ ಲೆಕ್ಕಕ್ಕೆ ಸೇರಿಸಿಬಿಟ್ಟರು. ಕಬ್ಬಿಣ ಕತ್ತರಿಸಿ ವೆಲ್ಡ್ ಮಾಡಿದರೆ ಶಿಲ್ಪ, ಬೆರಳಲ್ಲಿ ಮಣಿಸಿದರೆ ಕಸೂತಿ! ತಂತಿ ಮಣಿಸಿ ಬೆರಳು ಕುಯ್ಯಿಸಿಕೊಂಡವರು ಈ ಮಾತಾಡಲಾರರು.

ನಮ್ಮವರಲ್ಲೂ ಹೀಗೆ ವಸ್ತುವಿನ ಬೆನ್ನು ಹತ್ತುವವರಿದ್ದಾರೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿರುವ ಕಲಾವಿದೆ ಶೀಲಾ ಗೌಡ ಸೂಜಿಯ ಕಣ್ಣಿಗೆ ಮಾರುಗಟ್ಟಲೆ ದಾರ ಪೋಣಿಸಿ, ಆ ದಾರಗಳನ್ನೆಲ್ಲ ಅಂಟು ಮತ್ತು ಕುಂಕುಮದಲ್ಲಿ ಒಟ್ಟು ಸೇರಿಸಿ ಕೆಂಪು ಹಗ್ಗ ಮಾಡಿದರು. 1998ರ ಕೆಲಸ ಅದು. ಆಮೇಲೆ ಡಾಂಬರ್ ಡ್ರಮ್ ಬಿಚ್ಚಿ ತಟ್ಟಿದ ತಗಡು ಬಂತು. ದೃಷ್ಟಿ ಆಗದಿರಲಿ ಅಂತ ಗಾಡಿಗಳಿಗೆ ಕಟ್ಟುವ ಕೂದಲ ಹಗ್ಗ ಬಂತು. ಆ ಕೂದಲ ಹಗ್ಗದಲ್ಲಿ ಕಾರಿನ ಬಂಪರುಗಳನ್ನು ತೂಗುಬಿಟ್ಟ ಕೃತಿ 2009ರಲ್ಲಿ ವೆನಿಸ್ ಬಿಯೆನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನದಲ್ಲಿತ್ತು. ಅಸಾವಾ ಅವರದ್ದಕ್ಕಿಂತ ಭಾರದ ಕೆಲಸ, ಆಟದ ಮುಖ ಕಡಿಮೆ. ಆದರೆ ಬೆರಳು ಮಾಡುವುದು ಅದನ್ನೇ. ಕೊನೆಯಲ್ಲಿ ಇದೇ ಆಕಾರ ಬರಬೇಕು ಅಂತ ಮೊದಲೇ ಹಟ ಹಿಡಿಯುವುದಿಲ್ಲ.

ಸಂಜೆ ಮನೆಗೆ ಬಂದವರೇ ಗರಾಜಿನಿಂದ ತಂತಿ ತೆಗೆದೆವು. ಯಾವತ್ತೋ ತಂದಿಟ್ಟ ಎನಾಮೆಲ್ ತಾಮ್ರ, ದಪ್ಪ 22 ಗೇಜ್. ಅಸಾವಾ ಮರದ ಕಡ್ಡಿಗೆ ಸುತ್ತಿ ಮೊದಲ ಸಾಲಿನ ಕುಣಿಕೆ ಮಾಡಿಕೊಳ್ಳುತ್ತಿದ್ದರು. ನಾವು ಪೆನ್ಸಿಲ್ ತೆಗೆದುಕೊಂಡೆವು.

ತಾಮ್ರದ ಸ್ವಭಾವ ನನಗೆ ಗೊತ್ತು ಅಂದುಕೊಂಡಿದ್ದೆ. ಸ್ಲಾಟಿಗೆ ಹಾಕುವ ತಾಮ್ರದ್ದು ಬೇರೆ ಲೋಕ. ಅಲ್ಲಿ ಅದು ಸುಮ್ನೆ ಬಿದ್ದಿರಬೇಕು, ಗಾಳಿಗೆ ಜಾಗ ಬಿಡದ ಹಾಗೆ. ಇಲ್ಲಿ ಗಾಳಿಯೇ ಮುಕ್ಕಾಲು ಪಾಲು. ಹೊಸ ತಂತಿ ಮೆತ್ತಗಿರುತ್ತದೆ, ಬಾಗಿಸಿದಷ್ಟೂ ಗಟ್ಟಿಯಾಗುತ್ತದೆ. ಒಂದೇ ಜಾಗದಲ್ಲಿ ಹಿಂದಕ್ಕೆ ಮುಂದಕ್ಕೆ ಮಾಡಿದರೆ ತುಂಡಾಗುತ್ತದೆ. ಅಂದರೆ ಪ್ರತಿ ಕುಣಿಕೆಯೂ ಒಂದೇ ಸಲಕ್ಕೆ ಕೂರಬೇಕು. ಆದರೆ ಇದೇ ಗುಣದಿಂದ ಜಾಲ ಕುಸಿಯದೆ ನಿಲ್ಲುತ್ತದೆ. ಒಂದು ಕುಣಿಕೆಯಲ್ಲಿ ಎರಡು ಹಾಕಿದರೆ ಅಗಲವಾಗುತ್ತದೆ, ಎರಡನ್ನು ಸೇರಿಸಿ ಒಂದು ಮಾಡಿದರೆ ಸಣ್ಣಗಾಗುತ್ತದೆ. ಇಡೀ ಗೋಪುರದಲ್ಲಿ ತೂಗುತ್ತಿದ್ದ ಉಬ್ಬು-ತಗ್ಗುಗಳೆಲ್ಲ ಇಷ್ಟರಲ್ಲೇ ಇದ್ದವು.

ನಮ್ಮದು ಗೋಳ ಆಗಲಿಲ್ಲ. ಒಂದು ಕಡೆ ವಾಲಿಕೊಂಡಿತು. ವಾಲಿದ ಕಡೆಗೇ ಮಗಳು ಇನ್ನಷ್ಟು ಕುಣಿಕೆ ಹಾಕಿ ಸೊಟ್ಟದ್ದನ್ನು ಮತ್ತೂ ಸೊಟ್ಟ ಮಾಡಿದಳು. "ಇದಕ್ಕೆ ಆ ಕಡೆ ಹೋಗಬೇಕಂತೆ" ಅಂದಳು. ನೇರ ಮಾಡಲು ಹೋದ ನನ್ನ ಕೈಯನ್ನು ತಳ್ಳಿದಳು.

ದಾವಣಗೆರೆಯಲ್ಲಿ ಆಗ ಭಾನುವಾರ ಬೆಳಿಗ್ಗೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ, ಮ್ಯೂಸಿಯಮ್ಮಿನ ಫೋಟೋ ಕಳಿಸಿದೆ. ಸ್ವಲ್ಪ ಹೊತ್ತು ನೋಡಿದರು.

"ಗೇಜ್ ಎಷ್ಟದು?"

ಗೊತ್ತಿಲ್ಲ ಅಂದೆ.

"ವಾರ್ನಿಷ್ ಹೊಡೆದಿಲ್ವಾ? ಕಪ್ಪಾಗ್ತದಲ್ಲ."

ಕಪ್ಪಾಗಿದೆ, ಅದೂ ಚೆನ್ನಾಗಿದೆ ಅಂದೆ. ಹರಾಜಿನಲ್ಲಿ ಇಂಥದ್ದೊಂದು ಹತ್ತಾರು ಲಕ್ಷ ಡಾಲರಿಗೆ ಹೋಗುತ್ತದೆ ಅಂತಲೂ ಹೇಳಿದೆ. "ತಾಮ್ರದ ರೇಟು ಅಷ್ಟೊಂದು ಏರಿಲ್ವಲ್ಲಪ್ಪ" ಅಂದರು, ನಗದೆ. ಆಮೇಲೆ ಕನ್ನಡಕ ಏರಿಸಿಕೊಂಡು ನಮ್ಮ ಸೊಟ್ಟ ಗೋಳವನ್ನು ನೋಡಿದರು. ಅದಕ್ಕಿಂತ ಜಾಸ್ತಿ ಅವರ ಕಣ್ಣಿಗೆ ಬಿದ್ದದ್ದು ನೆಲದ ಮೇಲೆ ಮಲಗಿಸಿದ್ದ, ತಂತಿ ಸುತ್ತಿದ ಬಾಬಿನ್.

"ಬಾಬಿನ್ ಮಲಗಿಸಿ ಪಕ್ಕದಿಂದ ಎಳಿತೀಯೇನು? ತಂತಿ ಮುರಿ ಬೀಳ್ತದೆ. ನಡುವೆ ಒಂದು ಕಡ್ಡಿ ತೂರಿಸು, ಅದೇ ತಿರುಗಲಿ."

ಮಗಳು ಸ್ಕ್ರೂಡ್ರೈವರ್ ತೂರಿಸಿ ಎರಡು ಕುರ್ಚಿಗಳ ನಡುವೆ ಇಟ್ಟಳು. ತಂತಿ ನೂಲಿನ ಹಾಗೆ ಬಿಚ್ಚಿಕೊಂಡು ಬಂತು. ಅಲ್ಲಿಂದ ಮುಂದೆ ನನ್ನ ಅವಶ್ಯಕತೆ ಯಾರಿಗೂ ಇರಲಿಲ್ಲ. "ಈಗ ಸಾಲಿಗೊಂದು ಕುಣಿಕೆ ಕಮ್ಮಿ ಮಾಡಮ್ಮ, ಕತ್ತು ಬರ್ಲಿ" ಅಂತ ಅಜ್ಜ. "ನಂಗೆ ಕತ್ತು ಬೇಡ ಅಜ್ಜ, ಇದು ಇನ್ನೂ ದಪ್ಪ ಆಗ್ಬೇಕು" ಅಂತ ಮೊಮ್ಮಗಳು. "ತಂತಿ ಎಷ್ಟಿದೆ ಮೊದಲು ನೋಡ್ಕೋ" ಅಂತ ಮತ್ತೆ ಅಜ್ಜ. ಜಗಳ ತೀರುವ ಮೊದಲೇ ನನ್ನ ಫೋನಿನ ಚಾರ್ಜ್ ಮುಗಿಯಿತು. ಅವಳು ನನ್ನ ಹೆಂಡತಿಯ ಫೋನ್ ಹುಡುಕಲು ಓಡಿದಳು.