ವರದಿಯಲ್ಲಿ 2.5 ಅಂತಿದೆ, ಯಾರ ಮೈಗೆ ಎಷ್ಟು?

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನ ವರದಿ ಬಂದರೆ ಕಣ್ಣು ಮೊದಲು ಫ್ಲೋರೈಡ್ ಸಾಲಿಗೇ ಹೋಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಂತೆ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ಆದರೆ ಅಪಾಯ ಎಷ್ಟು ಅಂತ ತಿಳಿಯಲು ಕುಡಿಯುವವರ ತೂಕವೂ ಬೇಕು, ಕುಡಿದ ಲೀಟರೂ ಬೇಕು.

ವರದಿಯ ಅಂಕಿಯನ್ನು ದಿನದ ಲೀಟರಿನಿಂದ ಗುಣಿಸಿ, ಮೈತೂಕದಿಂದ ಭಾಗಿಸಿ. 2.5 ಇದೆಯೆನ್ನಿ. 60 ಕಿಲೋ ತೂಗುವವರು ಹೊಲದಲ್ಲಿ ದುಡಿದು 3 ಲೀಟರ್ ಕುಡಿದರೆ ಕಿಲೋಗೆ 0.125 ಮಿಲಿಗ್ರಾಂ. 15 ಕಿಲೋ ಮಗು 1 ಲೀಟರ್ ಕುಡಿದರೆ 0.167. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫ್ಲೋರೈಡ್ ಹೆಚ್ಚಾದಾಗ ಮೂಡುವ ಹಲ್ಲಿನ ಕಲೆಯನ್ನು ಆಧಾರವಾಗಿಟ್ಟು ಹಾಕಿರುವ ಗೆರೆ ದಿನಕ್ಕೆ ಕಿಲೋಗೆ 0.06 ಮಿಲಿಗ್ರಾಂ. ದೊಡ್ಡವರು ಅದರ ಎರಡು ಪಟ್ಟು, ಮಗು ಹೆಚ್ಚುಕಡಿಮೆ ಮೂರು ಪಟ್ಟು. ಎಂಟು ವರ್ಷದೊಳಗೆ ಶಾಶ್ವತ ಹಲ್ಲಿನ ಎನಾಮಲ್ ಕಟ್ಟುತ್ತಿರುತ್ತದೆ, ಹಾಗಾಗಿ ಪೆಟ್ಟು ಅಲ್ಲೇ.

ಅಂಕಿಯೇ ತಪ್ಪಿದರೆ ಲೆಕ್ಕವೂ ತಪ್ಪು. ಪಂಪು ಹತ್ತು ನಿಮಿಷ ಓಡಿದ ಮೇಲೆ ನೀರು ಹಿಡಿಯಿರಿ. ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು; ಗಾಜಿಗೆ ಫ್ಲೋರೈಡ್ ತಗುಲಿಕೊಂಡು ಅಂಕಿ ಇಳಿಯಬಹುದು. ಪ್ರಯೋಗಾಲಯದಲ್ಲಿ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಇಳಿಸುವ ಮುನ್ನ ಟಿಸಾಬ್ ದ್ರಾವಣ ಸೇರಿಸುತ್ತಾರೆಯೇ ಕೇಳಿ. ಅಲ್ಯುಮಿನಿಯಂ, ಕಬ್ಬಿಣಕ್ಕೆ ಅಂಟಿದ ಫ್ಲೋರೈಡನ್ನು ಬಿಡಿಸುವುದು ಅದೇ. ಬಣ್ಣ ನೋಡಿ ಹೇಳುವ ಕಿಟ್ಟು ಹೌದು-ಇಲ್ಲ ಅನ್ನಲು ಸಾಕು, ಈ ಭಾಗಾಕಾರಕ್ಕೆ ಸಾಲದು.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕುಡಿಯಲು ಆರ್‌ಒ ಕ್ಯಾನ್ ತಂದು, ಮುದ್ದೆಯ ಎಸರಿಗೂ ಸಾರಿಗೂ ಬೋರ್ ನೀರೇ ಹಾಕುವ ಮನೆಗಳುಂಟು. ಅಡುಗೆಯ ಮೂಲಕ ಒಂದೂವರೆ ಲೀಟರ್ ಹೊಟ್ಟೆ ಸೇರಿದರೂ 60 ಕಿಲೋ ತೂಗುವವರು 0.06ರ ಗೆರೆ ಮುಟ್ಟಿದಂತೆ. ಇಷ್ಟರ ಮೇಲೆ ಕಡುಚಹಾ ಬೇರೆ. ಚಹಾ ಸೊಪ್ಪಿನಲ್ಲೇ ಫ್ಲೋರೈಡ್ ಇರುತ್ತದೆ.

ದನದ ಲೆಕ್ಕ ಹಾಕುವವರೇ ಕಡಿಮೆ. ಆರ್‌ಒ ಘಟಕ ನೂರು ಲೀಟರಿಗೆ ಐವತ್ತು ಶುದ್ಧ ನೀರು ಕೊಟ್ಟರೆ, ಹೊರಬಿಡುವ ಐವತ್ತರಲ್ಲಿ ಫ್ಲೋರೈಡ್ ಸುಮಾರು ಎರಡು ಪಟ್ಟು: 2.5 ಇದ್ದದ್ದು 5. ಅದನ್ನು ಚರಂಡಿಗೆ ಬಿಡಲು ಮನಸ್ಸಾಗದೆ ದನದ ತೊಟ್ಟಿಗೆ ತಿರುಗಿಸಿದರೆ, 40 ಲೀಟರ್ ಕುಡಿಯುವ ಹಸುವಿಗೆ ದಿನಕ್ಕೆ 200 ಮಿಲಿಗ್ರಾಂ. ಹಸುವಿನ ಮಿತಿಯನ್ನು ಹೇಳುವುದು ಮೇವಿನ ಲೆಕ್ಕದಲ್ಲಿ: ಒಣತೂಕದ ಕಿಲೋಗೆ 40 ಮಿಲಿಗ್ರಾಂ. 10 ಕಿಲೋ ತಿನ್ನುವ ಹಸುವಿಗೆ ಅದು 400. ನೀರಿನಲ್ಲೇ ಅರ್ಧ ಮುಗಿಯಿತು. ಖನಿಜ ಮಿಶ್ರಣದಲ್ಲಿ ಹಸಿ ರಾಕ್ ಫಾಸ್ಫೇಟ್ (ಸಂಸ್ಕರಿಸದ ರಂಜಕದ ಕಲ್ಲಿನ ಪುಡಿ) ಇದ್ದರೆ ಅದರ 10 ಗ್ರಾಮಿನಲ್ಲೇ 300 ಮಿಲಿಗ್ರಾಂನಷ್ಟು ಸಿಗುತ್ತದೆ. ಅಷ್ಟೂ ರಕ್ತಕ್ಕೆ ಸೇರುವುದಿಲ್ಲ, ನಿಜ. ಆದರೂ ಫ್ಲೋರೈಡ್ ಕಡಿಮೆಯಿರುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಹಾಕಿದ ಮಿಶ್ರಣವನ್ನೇ ಕೇಳಿ ತನ್ನಿ. ತೊಟ್ಟಿಗೆ ಮಳೆನೀರೋ ಕೆರೆನೀರೋ ಬೆರೆಸಿ. ಆರ್‌ಒ ಹೊರನೀರು ಕಕ್ಕಸು ತೊಳೆಯಲು ಇರಲಿ.

ಹಾಲು ಪರೀಕ್ಷಿಸಿ ನೆಮ್ಮದಿಪಡಬೇಡಿ. ಫ್ಲೋರೈಡ್ ಹಾಲಿಗೆ ಇಳಿಯುವುದು ಅತ್ಯಲ್ಪ, ಮೂಳೆಯಲ್ಲಿ ಕೂರುತ್ತದೆ. ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದ ಕಡಸಿನ ಕೆಳದವಡೆಯ ಮುಂಹಲ್ಲು ನೋಡಿ: ಸುಣ್ಣದಂತೆ ಬಿಳಿ ಮಚ್ಚೆ, ಕಂದು ಗೆರೆ, ವಯಸ್ಸಿಗೆ ಮೀರಿದ ಸವೆತ. ಸಂತೆಯಿಂದ ತಂದ ದೊಡ್ಡ ಹಸುವಿನ ಹಲ್ಲು ಮಾತ್ರ ಸಾಕ್ಷಿಯಾಗದು. ಅದರ ಹಲ್ಲು ಕಟ್ಟಿದ್ದು ಬೇರೆ ಊರಿನ ನೀರಿನಲ್ಲಿ. ಅದರ ಕುಂಟು, ಕಾಲಿನ ಮೂಳೆಯ ಗಂಟು ನೋಡಿ, ಮೂತ್ರವನ್ನು ಪರೀಕ್ಷೆಗೆ ಕಳಿಸಿ.