ಲೈಬ್ರರಿಯನ್ನೂ ಪಾಲು ಮಾಡಿದ ದೇಶ

ನಿನ್ನೆ ರಾತ್ರಿ ಬೆಲ್ಜಿಯಂ ಬಗ್ಗೆ ಓದ್ತಾ ಕೂತವನಿಗೆ ನಿದ್ದೆಯೇ ಬರ್ಲಿಲ್ಲ ಮಾರಾಯ್ರೆ. ಯುದ್ಧ ಗಿದ್ಧ ಎಂತದ್ದೂ ಇಲ್ಲ, ಆದ್ರೂ ಕೂಡುಕುಟುಂಬ ಪಾಲಾದ ಹಾಗೆ ಒಂದು ದೇಶ ಸ್ವಲ್ಪ ಸ್ವಲ್ಪವೇ ಬೇರೆಯಾಗ್ತಾ ಉಂಟು. ಉತ್ತರದಲ್ಲಿ ಡಚ್ ಮಾತಾಡುವ ಫ್ಲೆಮಿಶ್‌ನವರು, ದಕ್ಷಿಣದಲ್ಲಿ ಫ್ರೆಂಚ್ ಮಾತಾಡುವ ವಲೂನ್‌ನವರು, ಪೂರ್ವದ ಮೂಲೆಯಲ್ಲಿ ಸ್ವಲ್ಪ ಜರ್ಮನ್‌ನವರು, ಆದ್ರೆ 1830ರಲ್ಲಿ ದೇಶ ಆದ್ಮೇಲೆ ತುಂಬಾ ವರ್ಷ ಕೋರ್ಟು ಕಚೇರಿ ಎಲ್ಲ ಫ್ರೆಂಚಲ್ಲೇ ನಡೀತಿತ್ತು, ಆ ನೋವು ಫ್ಲೆಮಿಶ್‌ನವರಿಗೆ ಹೋಗ್ಲೇ ಇಲ್ಲ.

1968ರಲ್ಲಿ, ಫ್ಲೆಮಿಶ್ ಭಾಗದ ಲೂವೆನ್ ಊರಿನ ಯೂನಿವರ್ಸಿಟಿಯಿಂದ ಫ್ರೆಂಚ್ ವಿಭಾಗ ಹೊರಗೆ ಹೋಗ್ಬೇಕು ಅಂತ ಎದ್ದ ಜಗಳಕ್ಕೆ ಸರ್ಕಾರವೇ ಬಿತ್ತು. ಆಮೇಲೆ ಯೂನಿವರ್ಸಿಟಿ ಎರಡಾಯ್ತು, ಲೈಬ್ರರಿ ಪುಸ್ತಕ ಹಂಚುವಾಗ ಬೆಸ ನಂಬರಿನದ್ದು ಒಬ್ಬರಿಗೆ, ಸಮ ನಂಬರಿನದ್ದು ಇನ್ನೊಬ್ಬರಿಗೆ! ಇದನ್ನು ಓದಿ ನಂಗೆ ನಿಜವಾಗಿ ಹೊಟ್ಟೆ ಉರಿದುಹೋಯ್ತು. 1993ರಲ್ಲಿ ಸಂವಿಧಾನದಲ್ಲೇ ಒಕ್ಕೂಟ ಅಂತ ಬರೆದ್ರು, 2010ರ ಎಲೆಕ್ಷನ್ ಆದ್ಮೇಲೆ 541 ದಿನ ಹೊಸ ಸರ್ಕಾರವೇ ಆಗ್ಲಿಲ್ಲ. ರಾಜಧಾನಿ ಬ್ರಸೆಲ್ಸ್ ಯಾರಿಗೆ ಅಂತ ಬಗೆಹರಿಯದ್ದೇ ಇನ್ನೂ ಒಟ್ಟಿಗೆ ಇರ್ಲಿಕ್ಕೆ ದೊಡ್ಡ ಕಾರಣ ಅಂತ ನಂಗೆ ಕಾಣ್ತದೆ.

ಬೆಳಿಗ್ಗೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ಸಲ್ಲಿ ಕಂಡಕ್ಟರ್ ಮುಂದಿನ ಸೀಟಿನ ಅಜ್ಜಿ ಹತ್ರ ತುಳುವಲ್ಲಿ, ನನ್ನ ಹತ್ರ ಕನ್ನಡದಲ್ಲಿ, ಹಿಂದೆ ಕೂತವರ ಹತ್ರ ಬ್ಯಾರಿಯಲ್ಲಿ ಚಿಲ್ಲರೆ ಕೇಳ್ತಾ ಹೋದ್ರು, ನಾನು ಇಳಿಯುವ ಸ್ಟಾಪ್ ದಾಟಿದ್ರೂ ಅದನ್ನೇ ಕೇಳ್ತಾ ಕೂತಿದ್ದೆ.