ರವಿವಾರದ ಧೂಳು

ಚೆನ್ನಮ್ಮ ಸರ್ಕಲ್ ಹತ್ತಿರ ಬೈಕ್ ನಿಲ್ಲಿಸಿ ಗಿರ್ಮಿಟ್ ತಿಂದು ಬರೋದ್ರೊಳಗೆ ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿತ್ತು. "ರವಿವಾರ ಇಷ್ಟ್ ಇರಂಗಿಲ್ಲ ಬಿಡಲೇ" ಅಂದ ಗೆಳೆಯ.

ಹೌದಾ? ಸುಮ್ನೆ ವಾದ ಮಾಡೋ ಬದಲು ಲೆಕ್ಕ ಹಾಕಬಹುದು ಅಲ್ವಾ. ಮೊದಲು ಅವನ ಮಾತಿಗೆ ಉಲ್ಟಾ ಇರೋದನ್ನೇ ನಿಜ ಅಂತ ಇಟ್ಟುಕೊಳ್ಳಬೇಕು: ರವಿವಾರಕ್ಕೂ ಸೋಮವಾರಕ್ಕೂ ಪಿಎಂ 2.5ರ (ಗಾಳಿಯಲ್ಲಿ ತೇಲೋ ತೀರಾ ಸಣ್ಣ ಕಣಗಳ) ಸರಾಸರಿಯಲ್ಲಿ ವ್ಯತ್ಯಾಸವೇ ಇಲ್ಲ. ಇದು ನಲ್ ಹೈಪಾಥಿಸಿಸ್. ಹಾಗಿದ್ದೂ ನಮಗೆ ಸಿಕ್ಕಷ್ಟು ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣೋ ಸಾಧ್ಯತೆ ಎಷ್ಟು ಅನ್ನೋದೇ ಪಿ-ವ್ಯಾಲ್ಯೂ. 0.05ಕ್ಕಿಂತ ಕಡಿಮೆ ಬಂದರೆ ನಲ್ ಕೈಬಿಡೋದು ರೂಢಿ. ರೂಢಿ ಅಷ್ಟೇ, ವೇದವಾಕ್ಯ ಅಲ್ಲ.

ನಾನು ಮೊದಲು ಎಡವಿದ್ದು ದೆಹಲಿಯ ಅಂಕಿಗಳಲ್ಲಿ. ವರ್ಷದ ಎಲ್ಲ ರವಿವಾರ ಒಂದು ಗುಂಪು, ಎಲ್ಲ ಸೋಮವಾರ ಇನ್ನೊಂದು ಗುಂಪು ಮಾಡಿ, ಎರಡು ಗುಂಪಿನ ಸರಾಸರಿ ಹೋಲಿಸೋ ಟಿ-ಟೆಸ್ಟ್ ಹಚ್ಚಿದೆ. ಏನೂ ಸಿಗಲಿಲ್ಲ. ಅಲ್ಲಿ ಆಗಸ್ಟ್ ತಿಂಗಳ ಮಳೆಗಾಲದ ಗಾಳಿಗೂ ನವೆಂಬರ್ ತಿಂಗಳ ಹೊಗೆಗೂ ಎಷ್ಟು ಅಂತರ ಅಂದ್ರೆ, ಅದರ ಮುಂದೆ ಒಂದು ದಿನದ ರಜೆ ಮುಳುಗಿಯೇ ಹೋಗುತ್ತೆ. ಪ್ರತಿ ರವಿವಾರವನ್ನು ಅದರ ಮರುದಿನದ ಜೊತೆಗೇ ಜೋಡಿ ಮಾಡಿ ಹೋಲಿಸಬೇಕಿತ್ತು, ಆಗ ಋತುವಿನ ಗಲಾಟೆ ಬಹುಪಾಲು ಕಳೆದುಹೋಗುತ್ತೆ.

ಆದರೂ ರವಿವಾರ ಸಂಜೆ ಒಂದು ಅಡ್ಡಮಳೆ ಹೊಡೆದರೆ ಸೋಮವಾರವೇ ಸ್ವಚ್ಛ!

ಇನ್ನೊಂದು ಮಾತು. ವ್ಯತ್ಯಾಸ ಇದೆ ಅಂತ ಸಾಬೀತಾದರೂ ಗಾಳಿ ಚೆನ್ನಾಗಿದೆ ಅಂತ ಅರ್ಥ ಅಲ್ಲ. ದಿನದ ಪಿಎಂ 2.5ಕ್ಕೆ ನಮ್ಮ ದೇಶದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಗೆಳೆಯನಿಗೆ ಇದನ್ನೆಲ್ಲ ವಿವರಿಸುತ್ತಿದ್ದರೆ, ಅವ ಕರ್ಚೀಫಿನಿಂದ ಸೀಟು ಒರೆಸಿ ಗಾಡಿ ಚಾಲೂ ಮಾಡಿಬಿಟ್ಟ.